ಈ ಊರಲ್ಲಿಲ್ಲದ ಪತಂಗ

ವೈವಾ ನಡೆಸಲು ಬಂದ ಪರೀಕ್ಷಕರು, ವಿಭಾಗದವರು ಆಗಷ್ಟೇ ಹೊದಿಸಿದ್ದ ಉಣ್ಣೆ ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಎದುರು ನಿಂತಿದ್ದ ವಿದ್ಯಾರ್ಥಿನಿಯ ಥೀಸಿಸನ್ನು ಮೇಜಿನ ಮೇಲೆ ಕುಕ್ಕಿದರು.

“ಈ ಪತಂಗ ಕರಾವಳಿ ಬಿಟ್ಟು ಬೇರೆಲ್ಲೂ ಇಲ್ಲ ಅಂತ ಬರೆದವನು ನಾನು. ನೀನು ಈ ಊರಲ್ಲಿ ಹಿಡಿದೆ ಅಂತೀಯಾ?”

“ಹೌದು ಸರ್. ಅಕ್ಕಿಕಾಳಿನಷ್ಟು ಮೈ, ಬೂದು ರೆಕ್ಕೆ, ಅದರ ಮೇಲೆ ಕಪ್ಪು ಚುಕ್ಕೆ. ನೀವು ಬರೆದ ಹಾಗೇ ಇದೆ.”

“ನಾನು ಬರೆದದ್ದನ್ನು ನನಗೇ ಒಪ್ಪಿಸಬೇಡ! ಯಾವುದೋ ಮ್ಯೂಸಿಯಮ್ಮಿನಿಂದ ಎಗರಿಸಿ ತಂದು, ಇಲ್ಲಿಯದು ಅಂತ ಚೀಟಿ ಅಂಟಿಸಿದ್ದೀಯ.”

“ಕದ್ದಿಲ್ಲ ಸರ್. ಅದರ ಹುಳುಗಳೂ ಸಿಕ್ಕಿವೆ. ಇಲ್ಲೇ ತಿಂದು ಬೆಳೀತಿವೆ.”

“ಇಲ್ಲೇ ಅಂದರೆ ಎಲ್ಲಿ? ‘ವಿಭಾಗದ ಕಟ್ಟಡ’ ಅಂತ ಬರೆದುಬಿಟ್ಟರೆ ಸಾಕಾ? ಸರಿಯಾಗಿ ಜಾಗ ಹೇಳು, ಇಲ್ಲದಿದ್ದರೆ ಡಿಗ್ರಿ ಮರೆತುಬಿಡು.”

ಪಕ್ಕದಲ್ಲಿ ಕೂತಿದ್ದ ಅವಳ ಗೈಡು, ಬೇಡಮ್ಮ ಎನ್ನುವಂತೆ ತಲೆಯಾಡಿಸಿದರು.

“ಅವರ ಮುಖ ಏನು ನೋಡ್ತೀಯ? ನನ್ನನ್ನು ನೋಡಿ ಹೇಳು!”

ಅವಳು ಅವರನ್ನೇ ನೋಡಿದಳು.

“ಬೀರುವಿನಲ್ಲಿ ಸರ್. ಈಗ ನೀವು ಹೊದ್ದಿದ್ದೀರಲ್ಲ, ಆ ಶಾಲಿನ ಮಡಿಕೆಯೊಳಗೆ.”