ಬಿಟ್ಟುಹೋದ ಅಕ್ಷರ

ಕೆಳಗಿನಿಂದ ಎರಡನೇ ಸಾಲನ್ನು ಮೇಷ್ಟ್ರು ಎಲ್ಲೂ ತಡವರಿಸದೆ ಓದಿ ಮುಗಿಸಿದರು. ಸಾಲಿನಲ್ಲಿದ್ದದ್ದು ಆರು ಅಕ್ಷರ, ಅವರು ಓದಿದ್ದು ಐದು. ನಾಲ್ಕನೆಯದು ಬಿಟ್ಟುಹೋಗಿತ್ತು. ಕಣ್ಣು ಪರೀಕ್ಷೆ ಮಾಡುವವಳು ಕಾಗದದ ಮೇಲಿಟ್ಟಿದ್ದ ಪೆನ್ನನ್ನು ಹಾಗೇ ಎತ್ತಿಕೊಂಡಳು. ಅವರಿಗಿಂತ ಮುಂಚೆ ಬಂದಿದ್ದ ಬಡಗಿ, ಮನೆಗೆ ಓಡುವ ಅವಸರದಲ್ಲಿ, ಅದೇ ನಾಲ್ಕನೇ ಅಕ್ಷರವನ್ನು ಹಾರಿಸಿದ್ದ. ಬಡಗಿ ಗಟ್ಟಿಯಾಗಿ ಓದುತ್ತಿದ್ದಾಗ ಮೇಷ್ಟ್ರು ತೆರೆದ ಬಾಗಿಲಿನ ಪಕ್ಕದ ಬೆಂಚಿನಲ್ಲೇ ಕೂತಿದ್ದರು.

ಅವಳಿಗೆ ಸಾಕಾಗಿತ್ತು. ಬೆಳಗ್ಗೆಯಿಂದ ಇವರು ನಲವತ್ತೊಂದನೆಯವರು. ನಿಂತು ನಿಂತು ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಒತ್ತುತ್ತಿತ್ತು. ಒಂದು ಸಹಿ ಹಾಕಿದರೆ ಮೇಷ್ಟ್ರ ಡ್ರೈವಿಂಗ್ ಲೈಸೆನ್ಸು ಇನ್ನೈದು ವರ್ಷ ಮುಂದಕ್ಕೆ ಹೋಗುತ್ತಿತ್ತು, ಅವಳು ಮನೆಗೆ ಹೋಗಬಹುದಿತ್ತು. ಮೇಷ್ಟ್ರು ಬೆಂಚಿನಲ್ಲಿ ಕೂತು ಹೆಸರು ಹೇಳಿದಾಗಲೇ ಅವಳು ಅವರ ದನಿ ಗುರುತಿಸಿದ್ದಳು. ಅವರು ಅವಳನ್ನು ಗುರುತಿಸಲಿಲ್ಲ. ನೋವಾಯಿತು, ಸುಳ್ಳೇಕೆ. ಆದರೆ ಪರಿಚಯ ಹೇಳಿಕೊಂಡು ಹಳೆಯದನ್ನೆಲ್ಲ ತೆಗೆಯುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಐದನೇ ಕ್ಲಾಸಿನಲ್ಲಿ ಅವಳು ಪಕ್ಕದವಳ ಪುಸ್ತಕ ನೋಡಿ ಲೆಕ್ಕ ಬರೆಯುತ್ತಿದ್ದಳು. ಸಿಕ್ಕಿಬಿದ್ದದ್ದು ಪಕ್ಕದವಳ ತಪ್ಪಿನಿಂದ. ಸರಿ ಉತ್ತರ ಎಲ್ಲರದೂ ಒಂದೇ ಇರುತ್ತೆ, ತಪ್ಪು ಮಾತ್ರ ಅವರವರ ಸ್ವಂತದ್ದಾಗಿರಬೇಕು ಅನ್ನುತ್ತಿದ್ದರು ಮೇಷ್ಟ್ರು. ಬೆತ್ತಕ್ಕೆ ಕೈ ಒಡ್ಡಿ ನಿಂತವಳನ್ನು ಅವರು ಹೊಡೆಯಲಿಲ್ಲ. ಒಂದೊಂದೇ ಬೆಂಚು ಮುಂದಕ್ಕೆ ಕೂರಿಸುತ್ತ, ಬೋರ್ಡಿನ ಮೇಲಿನದನ್ನು ಓದಿಸುತ್ತ ಬಂದರು. ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರ ಬಂದ ಮೇಲೆ ಅವಳು ಓದಿದಳು. ಮಾರನೇ ದಿನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕನ್ನಡಕ ಮಾಡಿಸಲು ಕರೆದೊಯ್ದವರೂ ಅವರೇ. ಅವಳ ಅಪ್ಪನಿಗೆ ಈ ವಿಷಯ ಗೊತ್ತಾದದ್ದು ಮಗಳು ಕನ್ನಡಕ ಹಾಕಿಕೊಂಡು ಮನೆಗೆ ಬಂದಾಗ.

ಅವಳು ರಿಮೋಟಿನ ಗುಂಡಿ ಒತ್ತಿದಳು. ಪರದೆಯ ಮೇಲೆ ಅಷ್ಟೂ ಅಕ್ಷರ ಬದಲಾದವು. ಅದೇ ಸಾಲನ್ನು ಇನ್ನೊಂದು ಸಲ ಓದಿ ಅಂದಳು. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡು, ಮಗ್ಗಿ ಒಪ್ಪಿಸುವ ಹಾಗೆ, ಬಡಗಿಯ ಐದು ಅಕ್ಷರಗಳನ್ನೇ ಮತ್ತೆ ಒಪ್ಪಿಸಿದರು.

"ಅಕ್ಷರ ಬದಲಾಯ್ಸಿದ್ದೀನಿ, ಮೇಷ್ಟ್ರೇ."

ಕಣ್ಣಿಗೆ ಅಡ್ಡ ಹಿಡಿದಿದ್ದ ಅವರ ಕೈ ನಿಧಾನವಾಗಿ ತೊಡೆಯ ಮೇಲೆ ಇಳಿಯಿತು. ಯಾರಮ್ಮ ನೀನು ಅಂದರು. ನಾನು ಸೋಡಾಬುಡ್ಡಿ, ಅಂದಳು ಅವಳು. ದಪ್ಪ ಕನ್ನಡಕ ಬಂದ ವಾರದಲ್ಲೇ ಕ್ಲಾಸಿನ ಹುಡುಗರು ಇಟ್ಟಿದ್ದ ಹೆಸರು. ಮೇಷ್ಟ್ರ ಮುಖ ಅರಳಿತು, ಮರುಗಳಿಗೆಗೆ ಬಾಡಿತು. ಆಮೇಲೆ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದರು. ಪೊರೆಯಾಗಿದ್ದರೆ ತೆಗೆಸಬಹುದಿತ್ತು, ಕಣ್ಣಿನ ನರವೇ ಒಣಗಿದೆಯಂತೆ. ಹೆಂಡತಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಬಸ್ಸಿನಲ್ಲಿ ಕೂರಲಾರಳು, ಬಾಡಿಗೆ ಕಾರಿನವರು ಹೇಳಿದ ಹೊತ್ತಿಗೆ ಬರುವುದಿಲ್ಲ. ಮಕ್ಕಳಿಲ್ಲ. ಈಗಲೂ ಹೆಂಡತಿ ಹೊರಗೆ ಕಾರಿನಲ್ಲಿ ಕೂತಿದ್ದಾಳೆ.

"ಕೇಳೋಕೆ ನಾಚಿಕೆ ಆಗುತ್ತೆ. ಆದ್ರೂ ಕೇಳ್ತಿದ್ದೀನಿ, ಬರೆದುಕೊಡಮ್ಮ. ಆಸ್ಪತ್ರೆ ದಾರಿ ನಂಗೆ ಬಾಯಿಪಾಠ. ಹನ್ನೊಂದು ತಿರುವು, ನಾಲ್ಕು ಉಬ್ಬು. ಅಷ್ಟೇ."

ಇಷ್ಟು ವರ್ಷ ಈ ಮನುಷ್ಯನಿಗೆ ಏನು ಮಾಡಿದರೂ ಕಡಿಮೆಯೇ ಅಂದುಕೊಂಡು ಬದುಕಿದವಳು ಅವಳು. ಅವರು ಮೊಟ್ಟಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದ್ದನ್ನೇ ಇಲ್ಲವೆನ್ನಬೇಕಾಗಿ ಬಂದಿತ್ತು.

"ದಾರಿ ಬಾಯಿಪಾಠ ಆಗಿರುತ್ತೆ, ಮೇಷ್ಟ್ರೇ. ದಾರಿ ದಾಟೋ ಮಗು ದಿನಾ ಬೇರೆ ಅಲ್ವಾ?"

ಹೊರಗೆ ಆಯಾ ಬೆಂಚುಗಳನ್ನು ಗೋಡೆಗೆ ಎಳೆದು ನೆಲ ಒರೆಸಲು ಶುರುಮಾಡಿದ್ದಳು. ಬಕೆಟ್ಟು ಮೂರು ಸಲ ಸರಿದಾಡಿದ ಮೇಲೆ ಮೇಷ್ಟ್ರು, "ಕಾಣಲ್ಲ ಅಂತಲೇ ಬರಿ," ಅಂದರು.

ಅವಳು ಬರೆದಳು, ಸಹಿ ಹಾಕಿದಳು. ಡಯಾಲಿಸಿಸ್ಸಿನ ಮುಂದಿನ ಸರದಿ ಯಾವಾಗ ಎಂದು ಕೇಳಿದ್ದಕ್ಕೆ ಮೇಷ್ಟ್ರು ನಾಳೆ ಬೆಳಗ್ಗೆ ಆರಕ್ಕೆ ಅಂದರು. ನಾಳೆ ಅವಳಿಗೆ ವಾರದ ರಜೆ. ಎಂಟರವರೆಗೆ ಮಲಗಬೇಕೆಂದು ಸೋಮವಾರದಿಂದ ಲೆಕ್ಕ ಹಾಕಿಕೊಂಡು ಬಂದಿದ್ದ ರಜೆ. ಒಂದು ನಿಟ್ಟುಸಿರು ಬಂತು, ಅದನ್ನು ಅವರಿಂದ ಮುಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ.

"ಮೂವತ್ತೆಂಟು ವರ್ಷ ಪಾಠ ಮಾಡಿದ್ದೀರಿ. ಕಾರು ಓಡಿಸೋಕೆ ಬರೋರು ಮೂರು ಜನ ಸಿಗಲ್ವಾ ನಿಮ್ಗೆ? ಒಬ್ಬಳು ಸಿಕ್ಕಾಯ್ತು. ಮಿಕ್ಕಿಬ್ಬರನ್ನ ನಾನು ಹುಡುಕ್ತೀನಿ. ನಡೀರಿ, ಮನೆಗೆ ಬಿಡ್ತೀನಿ."

ಎದ್ದು ಬಿಳಿ ಕೋಟು ಕಳಚಿ ಗೋಡೆಯ ಮೊಳೆಗೆ ಸಿಕ್ಕಿಸಿ, ಕೈಚೀಲ ತೆಗೆದುಕೊಳ್ಳಲು ಮೇಜಿನ ಆಚೆಗೆ ಹೋದಳು. ಮೇಷ್ಟ್ರು ಜೇಬಿನಿಂದ ಕಾರಿನ ಕೀಲಿ ತೆಗೆದರು. ಎರಡು ಹೆಜ್ಜೆ ಮುಂದೆ ಬಂದು, "ತಗೋ ಮಗು, ಹುಷಾರಾಗಿ ಓಡ್ಸು," ಎಂದು ಮೊಳೆಯಲ್ಲಿ ತೂಗುತ್ತಿದ್ದ ಕೋಟಿನ ಕಡೆಗೆ ಅದನ್ನು ಚಾಚಿದರು. ಅವಳು ಸದ್ದಾಗದಂತೆ ಬಂದು, ಕೋಟಿನ ಮುಂದೆ ನಿಂತು, ಕೈ ಒಡ್ಡಿದಳು.