ಓದಲು ಮಾತ್ರ

ಫೈಲು ತೆರೆದುಕೊಳ್ಳುತ್ತಿತ್ತು. ತಿದ್ದಿ ಉಳಿಸಲು ಹೋದರೆ ಮಾತ್ರ ಪರದೆಯ ಮೇಲೆ ಅದೇ ಸಾಲು: 'ಬದಲಾಯಿಸಲು ನಿಮಗೆ ಅನುಮತಿ ಇಲ್ಲ.' ಕಿರಿಯ ಇಂಜಿನಿಯರ್ ಹಲ್ಲು ಕಚ್ಚಿದಳು. ಅದು ಶಾಲೆಯ ಹೊಸ ಕಟ್ಟಡದ ಬಾಲ್ಕನಿಯ ನಕ್ಷೆ. ಗೋಡೆಯಿಂದ ಹೊರಚಾಚಿದ ಬಾಲ್ಕನಿಗೆ ಕಾಂಕ್ರೀಟಿನೊಳಗಿನ ದಪ್ಪ ಕಬ್ಬಿಣದ ಕಂಬಿಗಳು ಮೇಲ್ಭಾಗದಲ್ಲಿರಬೇಕು. ನಕ್ಷೆಯಲ್ಲಿ ಅವು ಕೆಳಗಿದ್ದವು. ಹಾಗೇ ಕಾಂಕ್ರೀಟ್ ಹಾಕಿ, ಅಡಿಗೆ ಕೊಟ್ಟ ಆಸರೆ ತೆಗೆದರೆ, ಮಕ್ಕಳು ಗುಂಪುಗೂಡಿ ನಿಂತ ದಿನ ಬಾಲ್ಕನಿ ಮುರಿದು ಬೀಳುತ್ತದೆ.

ಮೇಸ್ತ್ರಿಗೆ ಆಗಲೇ ಫೋನ್ ಮಾಡಿದ್ದಳು. "ಬಾಯಿಮಾತಿಗೆಲ್ಲ ಕೆಲಸ ನಿಲ್ಸೋಕಾಗಲ್ಲ ಮೇಡಂ. ಆಫೀಸ್ ಫೋಲ್ಡರಲ್ಲಿ ಏನಿದೆಯೋ ಅದೇ ನನಗೆ ಲೆಕ್ಕ. ಮಧ್ಯಾಹ್ನದೊಳಗೆ ಕಾಂಕ್ರೀಟ್ ಸುರೀತೀವಿ," ಎಂದಿದ್ದ.

ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದಳು. ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ತನ್ನ ಪಾಸ್‌ವರ್ಡ್ ಹಾಕಿ ನೋಡಿದಳು. ಬೇರೆ ಯಾರಾದರೂ ಆ ಫೈಲನ್ನು ತೆರೆದಿಟ್ಟುಕೊಂಡಿದ್ದಾರೇನೋ ಎಂದು ಕಚೇರಿಯೆಲ್ಲ ಸುತ್ತಿ ಬಂದಳು. ಯಾರೂ ಇಲ್ಲ. ಕೊನೆಗೆ ನೆಟ್‌ವರ್ಕ್ ನೋಡಿಕೊಳ್ಳುವವನನ್ನು ಕರೆಸಿದಳು. ಅವನು ಮೇಜಿನಡಿ ತೂರಿ ಕೇಬಲ್ ಅಲುಗಾಡಿಸಿದ, ಎದ್ದು ಕೂತು ಏನೇನೋ ತೆರೆದು ನೋಡಿದ, ಆಮೇಲೆ ಕೀಬೋರ್ಡ್ ಪಕ್ಕಕ್ಕೆ ಸರಿಸಿದ.

"ಏನು ಕೆಟ್ಟಿದೆ ಹೇಳಿ."

"ಏನೂ ಕೆಟ್ಟಿಲ್ಲ ಮೇಡಂ." ಅವನು ದನಿ ತಗ್ಗಿಸಿದ. "ಈ ಫೋಲ್ಡರಲ್ಲಿ ನಿಮ್ಮನ್ನ ಓದೋಕೆ ಮಾತ್ರ ಅಂತ ಮಾಡಿದಾರೆ. ಇವತ್ತು ಬೆಳಿಗ್ಗೆ. ಸಾರ್ ಅವರೇ ಮಾಡಿರೋದು. ಅವರು ಹೇಳದೆ ನಾನು ಅದನ್ನ ತೆಗೆಯೋ ಹಾಗಿಲ್ಲ."

ಸಾರ್ ಎಂದರೆ ಅವಳ ಸೋದರಮಾವ. ಕಚೇರಿ ಅವರದು, ನಕ್ಷೆಯೂ ಅವರ ಕೈಯದೇ. ಅವಳಿಗೆ ಸ್ಕೇಲು ಹಿಡಿಯಲು ಕಲಿಸಿದವರೂ ಅವರೇ. ಬೆಳಿಗ್ಗೆ ತಪ್ಪು ತೋರಿಸಿದಾಗ, "ನೋಡೋಣ ಬಿಡು," ಎಂದಷ್ಟೇ ಹೇಳಿದ್ದರು.

ಅವಳು ನೇರವಾಗಿ ಅವರ ಕೋಣೆಗೆ ನುಗ್ಗಿದಳು.

"ನನ್ನ ನಕ್ಷೇಲಿ ನೀನು ಕೈಯಾಡಿಸೋದು ಬೇಡ," ಎಂದರು ಮಾವ, ತಲೆ ಎತ್ತದೆ. "ನಿನಗೆ ಹಲ್ಲು ಬರೋಕೆ ಮುಂಚಿಂದ ಬಾಲ್ಕನಿ ಕಟ್ಟಿಸ್ತಿದೀನಿ."

"ಹಾಗಾದ್ರೆ ನೀವೇ ತಿದ್ದಿ ಮಾವ."

"ಈಗ ತಿದ್ದಿದ್ರೆ ಶಾಲೆಯವರ ಮುಂದೆ ಮುಖ ಎಲ್ಲಿ ಇಟ್ಕೊಳ್ಳಲಿ? ಹೋಗು, ನಿನ್ನ ಕೆಲಸ ನೋಡ್ಕೋ."

ಅವಳು ಹೊರಟಳು. ಕಟ್ಟಡದ ಹತ್ತಿರ ಬರುವಷ್ಟರಲ್ಲಿ ಮಿಕ್ಸರ್ ಗುಡುಗುಡು ತಿರುಗುತ್ತಿತ್ತು. ಯಾರೊಡನೆಯೂ ಮಾತಾಡದೆ ಏಣಿ ಹತ್ತಿ, ಬಾಲ್ಕನಿಗೆಂದು ಹೆಣೆದಿದ್ದ ಕಂಬಿಗಳ ಮೇಲೆ ಹೋಗಿ ನಿಂತುಬಿಟ್ಟಳು.

"ಮೇಡಂ, ಇಳೀರಿ! ಮಾಲು ಗಟ್ಟಿಯಾಗುತ್ತೆ!" ಮೇಸ್ತ್ರಿ ಕೂಗಿದ.

"ನನ್ನ ಮೇಲೆ ಸುರಿಯೋದಾದ್ರೆ ಸುರೀರಿ."

ಕೆಲಸದವರು ಬಾಂಡ್ಲಿಗಳನ್ನು ಕೆಳಗಿಟ್ಟರು. ಮೇಸ್ತ್ರಿ ಬೆವರೊರೆಸಿಕೊಳ್ಳುತ್ತ ಫೋನ್ ಮಾಡಿದ. ಮಾವ ಬಂದರು, ಮುಖ ಕೆಂಡದಂತಾಗಿತ್ತು. "ಇಳಿ ಕೆಳಗೆ! ಎಲ್ಲರೆದುರು ಮಾನ ಕಳೀತಿದೀಯಲ್ಲ."

"'ಆಸರೆ ತೆಗೆದ ದಿನ, ಮಕ್ಕಳಿಗಿಂತ ಮೊದಲು ನಾನೇ ಇಲ್ಲಿ ಬಂದು ಕುಣೀತೀನಿ' ಅಂತ ಹೇಳಿ ಮಾವ. ಈಗಲೇ ಇಳೀತೀನಿ."

ಮಾವ ಏಣಿ ಹತ್ತಿ ಬಂದು, ಬಗ್ಗಿ, ಕೆಳಗಿನ ಕಂಬಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಮಿಕ್ಸರ್ ನಿಲ್ಲಿಸಯ್ಯಾ," ಎಂದರು ಮೇಸ್ತ್ರಿಗೆ. "ಕಂಬಿ ಎಲ್ಲ ಬಿಚ್ಚಿಸು." ಆಮೇಲೆ ಅವಳ ಮುಖ ನೋಡದೆ, "ಫೈಲು ಬಿಟ್ಕೊಡ್ತೀನಿ. ತಿದ್ದಿ, ಕೆಳಗೆ ನಿನ್ನ ಹೆಸರೇ ಹಾಕ್ಕೋ," ಎಂದರು.

"ಹೆಸರು ನಿಮ್ಮದೇ ಇರಲಿ ಮಾವ. ಕಂಬಿ ಮಾತ್ರ ಮೇಲಿರಲಿ."