ಕೈಕೊಟ್ಟ ಲಿಫ್ಟು

ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ಲಿಫ್ಟು ನಿಂತುಬಿಟ್ಟಿತು. ದೀಪವೂ ಆರಿತು.

"ನಿಂತಿತು," ಎಂದ ಅಪ್ಪ.

ಮಗಳು ನಗು ತಡೆದುಕೊಂಡಳು. ಈ ವಿಶ್ವವಿದ್ಯಾಲಯದ ಲಿಫ್ಟನ್ನು ಅದು ಬಂದಾಗಿನಿಂದ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಬೇರೆ ಯಾರೂ ಅಲ್ಲ, ಕತ್ತಲಲ್ಲಿ ಅವಳ ಪಕ್ಕ ನಿಂತಿದ್ದ ಅಪ್ಪನೇ.

ಅವಳಿಗೆ ಎರಡು ಕಡೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಒಂದು ಇದು, ಮನೆಯಿಂದ ನಡೆದೇ ಬರಬಹುದು. ಇನ್ನೊಂದಕ್ಕೆ ರೈಲಿನಲ್ಲಿ ಇಡೀ ಹಗಲು ಬೇಕು. ಆದರೆ ಅವಳು ನಿದ್ದೆಯಲ್ಲೂ ಬಡಬಡಿಸುವ ಸೇತುವೆ ಕಟ್ಟುವ ವಿದ್ಯೆ ಇದ್ದದ್ದು ಅಲ್ಲಿ. ಅದನ್ನು ಬಾಯಿಬಿಟ್ಟು ಹೇಳಲು ಮನಸ್ಸು ಬರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿದ್ದವರು ಇಬ್ಬರೇ.

"ನೀನೇ ಹೇಳಪ್ಪ," ಎನ್ನುವಳು ಅವಳು. "ಓದೋಳು ನೀನು, ನೀನೇ ಹೇಳು," ಎನ್ನುವನು ಅವನು. ವಾರವಿಡೀ ಇದೇ ರಾಗ.

ಕೊನೆಗೆ ಅಪ್ಪನೇ ದಾರಿ ಹುಡುಕಿದ. "ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಸಾಕು. ಎರಡೂ ಕಡೆ ಲಿಫ್ಟ್ ಹತ್ತೋಣ. ಯಾವುದು ಕೈಕೊಡುತ್ತೋ ಅಲ್ಲಿನ ಸೀಟು ಬೇಡ. ಆಮೇಲೆ ಮಾತು ತಪ್ಪೋ ಹಾಗಿಲ್ಲ."

ಮಗಳು ಒಪ್ಪಿದಳು. ಅವಳೇನು ದಡ್ಡಿಯಲ್ಲ. ಇಲ್ಲಿನ ಲಿಫ್ಟಿನ ಜುಟ್ಟು ಅಪ್ಪನ ಕೈಯಲ್ಲಿ, ಅದು ಕೈಕೊಡುವುದುಂಟೇ? ತನ್ನನ್ನು ಮನೆಯಲ್ಲೇ ಉಳಿಸಿಕೊಳ್ಳುವ ಹೂಟ ಇದು ಎಂದು ಅವಳಿಗೆ ಆಗಲೇ ಗೊತ್ತಾಯಿತು. ಅಡುಗೆಮನೆಯ ಕಡೆ ತಲೆ ಹಾಕಿಯೂ ಮಲಗದವನು ಈಚೆಗೆ ಅಡುಗೆ ಬೇರೆ ಕಲಿಯುತ್ತಿದ್ದ. ಲಂಚ, ಎಂದುಕೊಂಡಳು. ಸಿಟ್ಟು ಬಂತು, ಅದರ ಬೆನ್ನಿಗೇ ಅಳುವೂ ಬಂತು.

ಹಿಂದಿನ ವಾರ ದೂರದ ಲಿಫ್ಟು ಹತ್ತಿದ್ದರು. ಬಾಗಿಲು ಕಿರುಚಿತು. ಪೆಟ್ಟಿಗೆ ಗಡಗಡ ನಡುಗಿತು. ಈ ಸೀಟು ಹೋಯಿತು ಎಂದುಕೊಂಡಳು ಅವಳು. ಸಡಿಲವಾದ ಒಂದು ಬೋಲ್ಟಿಗೂ ಹಾರಾಡುವ ಅಪ್ಪ ಗೋಡೆಗೆ ಕಿವಿಯಿಟ್ಟು ಕೇಳಿ, "ಮುದಿಯಾದ್ರೂ ನಿಯತ್ತಿದೆ. ಪಾಸು," ಎಂದ. ಗೆಲ್ಲುವುದು ಗೊತ್ತಿದ್ದವನಿಗೆ ಧಾರಾಳಕ್ಕೇನು ಕೊರತೆ?

ಈಗ ನೋಡಿದರೆ ಸಾಕಿ ಸಲಹಿದ ಲಿಫ್ಟೇ ಕೈಕೊಟ್ಟಿತ್ತು.

"ಗಂಟೆ ಒತ್ತಲಾ?"

"ಬೇಡ. ಯಾರಾದ್ರೂ ನೋಡ್ತಾರೆ."

ಅಪ್ಪ ನೆಲದ ಮೇಲೆ ಕೂತು ಚೀಲದಿಂದ ಡಬ್ಬಿ ತೆಗೆದ. ನಡೆದು ಬರುವ ದಾರಿಗೂ ಬುತ್ತಿ! "ತಿನ್ನು. ನಾನೇ ಮಾಡಿದ್ದು."

ಉಪ್ಪು ಜಾಸ್ತಿಯಾಗಿತ್ತು. ಅವಳು ಹೇಳಲಿಲ್ಲ. ತಾನೇ ತೋಡಿದ ಹಳ್ಳಕ್ಕೆ ಬಿದ್ದವನಿಗೆ ಅದೂ ಒಂದು ಯಾಕೆ? ಒಳಗೊಳಗೇ ಖುಷಿಯಾದದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು.

"ಅಪ್ಪ, ಇದೊಂದು ಸಲ ಲೆಕ್ಕಕ್ಕಿಲ್ಲ ಅನ್ನೋಣ. ಇನ್ನೊಂದು ಸಲ ಹತ್ತೋಣ."

"ಮಾತು ಅಂದ್ರೆ ಮಾತು."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಹಾಗಾದ್ರೆ ದೂರದ್ದೇ," ಎಂದಳು ಮೆಲ್ಲಗೆ.

ಅಪ್ಪ ಎದ್ದು ನಿಂತು ಬಾಗಿಲಿಗೆ ಎರಡು ಸಲ ಜೋರಾಗಿ ಗುದ್ದಿದ. ಪಾಪ, ಸಂಕಟ ಹೊರಬಿತ್ತು ಎಂದುಕೊಂಡಳು. ಅಷ್ಟರಲ್ಲಿ ದೀಪ ಹತ್ತಿತು. ಲಿಫ್ಟು ಬೆಣ್ಣೆಯಲ್ಲಿ ಜಾರಿದಂತೆ ಕೆಳಗಿಳಿಯಿತು.

ಇಲ್ಲಿನ ಸೀಟು ಬೇಡವೆಂದು ಹೇಳಲು ಅಪ್ಪ ಕಚೇರಿಯೊಳಗೆ ಹೋದ. ಮಗಳು ಕನ್ನಡಿಯಂಥ ಲಿಫ್ಟಿನ ಬಾಗಿಲನ್ನೇ ನೋಡುತ್ತ ನಿಂತಳು. ಮೇಲಿನ ಲಿಫ್ಟಿನ ಸ್ವಿಚ್ಚು ಕೋಣೆಯಿಂದ ಮೆಟ್ಟಿಲಿಳಿದು ಕಾವಲುಗಾರ ಏದುಸಿರು ಬಿಡುತ್ತ ಬಂದ.

"ಥ್ಯಾಂಕ್ಸ್ ಅಣ್ಣ," ಎಂದಳು. "ಲಿಫ್ಟಿಗೆ ಏನಾಗಿತ್ತು?"

"ಅದಕ್ಕೇನಾಗುತ್ತಮ್ಮ? ಎರಡು ಗುದ್ದು ಬೀಳೋವರೆಗೂ ಸ್ವಿಚ್ಚು ಹಾಕಬೇಡ ಅಂದಿದ್ರು ನಿಮ್ಮಪ್ಪ. ಕಾದೂ ಕಾದೂ ನನ್ನ ಕಾಲು ಬಿದ್ದುಹೋಯ್ತು ನೋಡಿ."